ಅಣ್ಣ ಕಚ್ಚಿಕೊಂಡಿದ್ದ ಮೊಳೆ

ನಮ್ಮಣ್ಣ ದಿನಕ್ಕೆ ಆಡುತ್ತಿದ್ದ ಮಾತುಗಳಲ್ಲಿ ಅರ್ಧದಷ್ಟು ‘ತಗಿ’ ಎಂಬ ಒಂದೇ ಮಾತು. ಅಂಟಿನ ಡಬ್ಬದ ಮುಚ್ಚಳ ತಗಿ. ಚೀಲದಿಂದ ಉಳಿ ತಗಿ. ಮೋಡ ಕಂಡರೆ ಬಿಸಿಲಿಗಿಟ್ಟ ಹಲಗೆ ತಗಿ. ಬಾಗಿಲು ತಗಿ. ಎಷ್ಟೋ ಸಲ ಮುಚ್ಚಳ, ಉಳಿ, ಹಲಗೆ ಎಂಬುದನ್ನೂ ನುಂಗಿಕೊಂಡು ಬರೀ ‘ತಗಿ’ ಎನ್ನುತ್ತಿದ್ದ. ಏನನ್ನು ಎಂದು ಅವನ ಕಣ್ಣು ಹೋದ ಕಡೆ ನೋಡಿ ನಾವು ತಿಳಿದುಕೊಳ್ಳಬೇಕಿತ್ತು.

ಅವನು ಕೊಳ್ಳೇಗಾಲದಲ್ಲಿ ಮರಗೆಲಸ ಮಾಡುತ್ತಿದ್ದ. ಬಾಗಿಲು, ಕಿಟಕಿ, ಅಡುಗೆಮನೆಯ ಬೀರು. ತೀರಿಹೋಗಿ ಎರಡು ತಿಂಗಳಾಯಿತು. ಮರದ ಮಂಡಿಯಲ್ಲಿ ಕೂತಿದ್ದವನು ನೀರು ಕೇಳಿದನಂತೆ, ನೀರು ಬರುವಷ್ಟರಲ್ಲಿ ಇರಲಿಲ್ಲ. ನಾನು ಅವನ ತಮ್ಮ. ಹನೂರಿನಲ್ಲಿ ಲಗೇಜ್ ಆಟೊ ಓಡಿಸುತ್ತೇನೆ. ಏಳನೇ ಕ್ಲಾಸಿಗೆ ಓದು ಬಿಟ್ಟವನು. ಇದನ್ನು ನಾನೇ ಬರೆದು, ಕಾಗುಣಿತ ತಿದ್ದಲು ಮಗಳಿಗೆ ಕೊಟ್ಟೆ. ಅವಳು ತಿದ್ದಿ, ಕೊನೆಯವರೆಗೂ ಓದಿ, ಮಡಚಿ ವಾಪಸು ಕೊಟ್ಟಳು.

ಅಣ್ಣನ ಬಾಯಲ್ಲಿ ಯಾವಾಗಲೂ ಮೊಳೆ ಇರುತ್ತಿತ್ತು. ಕೆಲಸಕ್ಕೆ ಕೂತರೆ ನಾಲ್ಕೈದು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವನು. ಒಂದೊಂದೇ ಕೈಗೆ ತೆಗೆದುಕೊಂಡು ಹೊಡೆಯುವನು. ಮಾತೇನಿದ್ದರೂ ಆ ಮೊಳೆಗಳ ಸಂದಿಯಲ್ಲೇ ಬರಬೇಕು. ಅತ್ತಿಗೆ ಬೈಯುತ್ತಿದ್ದರು.

“ನುಂಗ್ಬುಟ್ರೆ ಏನ್ ಮಾಡ್ತೀಯ? ಡಾಕುಟ್ರು ಒಟ್ಟೆ ಕುಯ್ದ್ರೆ ಅರ್ಧ ಕೇಜಿ ಕಬ್ಣ ಸಿಕ್ತದೆ.”

ಅಣ್ಣ ಮೊಳೆಗಳ ಸಂದಿಯಿಂದ, “ಮಾರ್ಕೊ,” ಎಂದಿದ್ದ.

ಹೀಗೆ ಆಗಾಗ ನಗಿಸುತ್ತಿದ್ದ, ಆದರೆ ತಾನು ನಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವಾಗ ಯಾರದೋ ಅಂಗಡಿಯ ಬಾಗಿಲು ಕಿರುಗುಟ್ಟಿದರೆ ನಿಂತುಬಿಡುವನು. ಒಮ್ಮೆ ಹನೂರು ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಇಡ್ಲಿ ತಿನ್ನಲು ಕೂತಿದ್ದೆವು. ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಅಣ್ಣ ಎದ್ದು ಹೋಗಿ, ಬಾಗಿಲನ್ನು ಎರಡು ಕೈಯಲ್ಲಿ ಎತ್ತಿ, ಮೇಲಿನ ತಿರುಪನ್ನು ತನ್ನ ಜೇಬಿನ ಸ್ಕ್ರೂಡ್ರೈವರಿನಿಂದ ಬಿಗಿಮಾಡಿ ಬಂದು ಕೂತ. ಹೋಟೆಲಿನವನು ಗಾಬರಿಯಾಗಿ ನೋಡುತ್ತಿದ್ದ. “ಯಾರ್ ಸಾ ಇವ್ರು?” ಎಂದು ನನ್ನನ್ನು ಕೇಳಿದ. ನಮ್ಮಣ್ಣ ಎಂದೆ. ಆಗ ನನಗೆ ಹೆಮ್ಮೆಯಾಯಿತೋ ನಾಚಿಕೆಯಾಯಿತೋ ಈಗಲೂ ಗೊತ್ತಿಲ್ಲ.

ಊರಿಗೆಲ್ಲ ಬಾಗಿಲು ಕೂರಿಸಿದವನ ಮನೆಯ ಬಚ್ಚಲಿಗೆ ಬಾಗಿಲು ಇರಲಿಲ್ಲ. ಗೋಣಿಚೀಲ ಬಿಚ್ಚಿ ಹೊಲಿದ ಒಂದು ಪರದೆ, ಅಷ್ಟೆ. ಅತ್ತಿಗೆ ನೆಂಟರ ಮುಂದೆಯೇ ಹೇಳುತ್ತಿದ್ದರು: “ಊರೋರ್ಗೆಲ್ಲ ತೇಗದ್ ಬಾಗ್ಲು, ನಂಗೆ ಗೋಣಿಚೀಲ. ನಾನೇನ್ ಆಲೂಗಡ್ಡೆನಾ?”

ಯಳಂದೂರಿನಲ್ಲಿ ಒಬ್ಬ ಟೀಚರಮ್ಮ ಇದ್ದರು. ಅವರ ಯಜಮಾನರು ಹೊರದೇಶದಲ್ಲಿ ಕೆಲಸದಲ್ಲಿದ್ದು ವಾಪಸು ಬರುವಾಗ ಒಂದು ಫ್ರಿಜ್ಜು ತಂದಿದ್ದರು. ನಮ್ಮಲ್ಲಿ ಸಿಗುವಂತೆ ಅದು ಒಂಟಿಯಾಗಿ ನಿಲ್ಲುವುದಲ್ಲ, ಗೋಡೆಯ ಬೀರುವಿನೊಳಗೆ ಕೂರಿಸುವಂಥದ್ದು. ಅದರ ಬಾಗಿಲಿನ ಮೇಲೆ ಹೊರಗಿನಿಂದ ಮರದ ಬಾಗಿಲು ಬರಬೇಕು. ಆ ಬೀರು, ಆ ಮರದ ಬಾಗಿಲು ಎರಡನ್ನೂ ಮಾಡಿದವನು ಅಣ್ಣನೇ. ಇಪ್ಪತ್ತೈದು ವರ್ಷದ ಮೇಲಾಯಿತು. ಪಕ್ಕದ ಪಾತ್ರೆ ಬೀರುವಿನ ಬಾಗಿಲಿಗೂ ಇದಕ್ಕೂ ಕೂದಲಷ್ಟು ವ್ಯತ್ಯಾಸ ಇರಲಿಲ್ಲ. ಬಂದ ನೆಂಟರು ತಣ್ಣೀರಿಗೆಂದು ಹೋಗಿ ಬೇಳೆ ಡಬ್ಬ, ಸಾರಿನ ಪುಡಿ, ಹಳೇ ಪೇಪರು ಎಲ್ಲ ನೋಡಿ, “ಫ್ರಿಜ್ಜೇ ಇಲ್ವಲ್ಲ?” ಎಂದು ಬರಿಗೈಯಲ್ಲಿ ಬರುತ್ತಿದ್ದರಂತೆ. ಇದನ್ನು ಟೀಚರಮ್ಮ ಹೇಳಿದಾಗ ಅಣ್ಣ ಬೇರೆ ಕಡೆ ಮುಖ ತಿರುಗಿಸಿಕೊಂಡು ಕಿವಿ ಕೆರೆದುಕೊಂಡ. ಅವನಿಗೆ ಖುಷಿಯಾದರೆ ಹಾಗೆ.

ಯಜಮಾನರು ತೀರಿಕೊಂಡು, ಫ್ರಿಜ್ಜಿನ ಮೋಟರೂ ನಿಂತುಹೋಯಿತು. ರಿಪೇರಿಯವರು ಇದರ ಸಾಮಾನು ಸಿಗುವುದಿಲ್ಲ ಎಂದರು. ಅದನ್ನು ಆಚೆ ತೆಗೆಯಬೇಕೆಂದು ಟೀಚರಮ್ಮ ಅಣ್ಣನಿಗೆ ಹೇಳಿಕಳಿಸಿದರು. ಮರದ ಬಾಗಿಲು ಬಿಚ್ಚದೆ ಫ್ರಿಜ್ಜು ಬೀರುವಿನಿಂದ ಹೊರಗೆ ಬರುವುದಿಲ್ಲ. ಎತ್ತಿ ಸಾಗಿಸಲು ನನ್ನನ್ನೂ ಆಟೊವನ್ನೂ ಅಣ್ಣ ಕರೆದ. ಇದು ಆರು ವರ್ಷದ ಹಿಂದಿನ ಮಾತು.

ಅಲ್ಲಿಗೆ ಹೋದ ಮೇಲೆ ಅಣ್ಣ ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿದ. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಂದೆ ಹೋದೆ.

“ಲೇ, ಇಕ್ಕು ಅದ,” ಎಂದ. “ನೀ ಎತ್ತೋನು ಕಣ್ಲಾ, ಬಿಚ್ಚೋನಲ್ಲ.”

ಟೀಚರಮ್ಮ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತು ಕೇಳಿ ನಗುವ ಹಾಗೆ ನಕ್ಕರು. ಆದರೂ ನನಗೆ ಕಿವಿ ಬಿಸಿಯಾಯಿತು. ಆಗ ನನಗೆ ನಲವತ್ತೈದು. ಮದುವೆಗೆ ಬಂದ ಮಗಳಿದ್ದಳು. ಅವನಿಗೆ ಮಾತ್ರ ನಾನು ಇನ್ನೂ ಏಳನೇ ಕ್ಲಾಸು ದಾಟದವನು.

ಆ ಬಾಗಿಲಿನ ಕೀಲು ನಾವು ನೋಡುವ ಕೀಲಿನಂತಲ್ಲ. ಮೊಣಕೈ ಹಾಗೆ ಮಡಚಿ ಬಿಚ್ಚಿಕೊಳ್ಳುವ ದಪ್ಪ ಕಬ್ಬಿಣ, ಒಳಗೆ ಗಟ್ಟಿ ಸ್ಪ್ರಿಂಗು. ಮೇಲೊಂದು, ಕೆಳಗೊಂದು. ಬಾಗಿಲಿನ ಭಾರ ಇರುವವರೆಗೆ ಸುಮ್ಮನಿರುತ್ತದೆ. ಭಾರ ತೆಗೆದರೆ ಇಲಿಬೋನಿನ ಹಾಗೆ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಕೀಲಿನ ಎರಡು ಭಾಗದಲ್ಲೂ ಒಂದೊಂದು ತೂತು ಇಟ್ಟಿರುತ್ತಾರೆ. ಬಾಗಿಲನ್ನು ಪೂರ್ತಿ ತೆರೆದರೆ ಆ ಎರಡು ತೂತು ಎದುರುಬದುರಾಗುತ್ತವೆ. ಅದರಲ್ಲಿ ಒಂದು ಮೊಳೆ ತೂರಿಸಿಬಿಟ್ಟರೆ ಕೀಲು ಅಲ್ಲಾಡುವುದಿಲ್ಲ. ಆಮೇಲೆ ತಿರುಪು ಬಿಚ್ಚಬಹುದು. ಇದನ್ನೆಲ್ಲ ಅಣ್ಣ ಬಾಯಲ್ಲಿ ಹೇಳಲಿಲ್ಲ. ಮೇಲಿನ ಕೀಲಿಗೆ ಅವನು ಹಾಗೆ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಗಿಲು ಪೂರ್ತಿ ತೆರೆದ. ತುಟಿಯಿಂದ ಮೊಳೆ ತೆಗೆದು ತೂತಿಗೆ ಹಾಕಿದ. ಆಮೇಲೆ ನನ್ನ ಕಡೆ ನೋಡಿ, ಈಗ ಬಿಚ್ಚು ಎಂಬಂತೆ ತಲೆ ಆಡಿಸಿದ. ನಾನು ಮೇಲಿನ ತಿರುಪುಗಳನ್ನು ಬಿಚ್ಚಿದೆ. ಏನೂ ಆಗಲಿಲ್ಲ.

ಕೆಳಗಿನ ಕೀಲಿಗೆ ಅಣ್ಣ ನೆಲದ ಮೇಲೆ ಮಗ್ಗುಲಾಗಿ ಮಲಗಿದ. ಇಪ್ಪತ್ತು ವರ್ಷದ ಜಿಡ್ಡು ಆ ತೂತಿನಲ್ಲಿ ತುಂಬಿಕೊಂಡಿತ್ತು. ಅದನ್ನು ಕೆರೆಯಲು ಬಲಗೈಯ ಬೆರಳುಗಳನ್ನು ಕೀಲಿನ ಸಂದಿಗೆ ಹಾಕಿದ್ದ. ನಾನು ಬಾಗಿಲಿನ ಆಚೆ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಬಾಗಿಲಿನ ಭಾರ ಹಿಡಿದು, ಬಲಗೈಯಲ್ಲಿ ಕೆಳಗಿನ ತಿರುಪುಗಳನ್ನು ಸಡಿಲ ಮಾಡುತ್ತಿದ್ದೆ. ಅದನ್ನು ಮಾಡು ಎಂದು ಅವನು ಹೇಳಿರಲಿಲ್ಲ. ಬಿಚ್ಚುವುದು ನನಗೂ ಬರುತ್ತದೆ ಎಂದು ತೋರಿಸಬೇಕಿತ್ತು. ಒಂದು ತಿರುಪು ಉಳಿದಿತ್ತು. ಬಾಗಿಲು ಅಷ್ಟರಲ್ಲಿ ಅರ್ಧ ವಾಲಿ ಮುಚ್ಚಿಕೊಂಡಿತ್ತು.

ಅಣ್ಣ, “ಬಾಗ್ಲು ತಗಿ,” ಎಂದ.

ನಾನು ಕೊನೆಯ ತಿರುಪು ಬಿಚ್ಚಿ ಬಾಗಿಲನ್ನು ಎತ್ತಿಬಿಟ್ಟೆ.

ಅವನು ಹೇಳಿದ್ದು ಬಾಗಿಲನ್ನು ಪೂರ್ತಿ ತೆರೆ ಎಂದು. ನಮ್ಮ ಕಡೆ ಎರಡಕ್ಕೂ ಒಂದೇ ಮಾತು. ಬಾಗಿಲು ತಟ್ಟಿದವರಿಗೂ ಬಾಗಿಲು ತಗಿ ಎನ್ನುತ್ತೇವೆ, ಬಾಗಿಲನ್ನೇ ಕಿತ್ತು ಆಚೆಗೆ ಇಡಬೇಕಾದರೂ ಬಾಗಿಲು ತಗಿ ಎನ್ನುತ್ತೇವೆ.

ಆ ಸದ್ದನ್ನು ನಾನು ಬರೆಯುವುದಿಲ್ಲ. ಅಣ್ಣ ಕೂಗಲಿಲ್ಲ. ಬಾಗಿಲು ಹಿಡಿದುಕೊಂಡು ನಾನು ನಿಂತಿದ್ದೆ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಟೀಚರಮ್ಮ ಓಡಿಬಂದು ಟವೆಲ್ ಸುತ್ತಿದರು. “ಏನಾಯ್ತಪ್ಪ? ಹೆಂಗಾಯ್ತು?” ಎಂದು ಕೇಳಿದ್ದು ನನ್ನನ್ನು.

“ಅಣ್ಣನೇ ತಗಿ ಅಂದ,” ಎಂದೆ.

ಅಣ್ಣ ನೆಲದ ಮೇಲಿಂದಲೇ ನನ್ನ ಮುಖ ನೋಡಿದ. ಒಂದು ಉಸಿರಿನಷ್ಟು ಹೊತ್ತು ನೋಡಿರಬಹುದು. ಆಮೇಲೆ ಟೀಚರಮ್ಮನ ಕಡೆ ತಿರುಗಿ, “ಊ ಕಣವ್ವ. ನಾನೇ ತಗಿ ಅಂದೆ,” ಎಂದ.

ಮೈಸೂರಿನ ಆಸ್ಪತ್ರೆಯಲ್ಲಿ ತೋರುಬೆರಳನ್ನು ನಡುವಿಗೆ ತೆಗೆದರು. ಪಕ್ಕದ ಬೆರಳು ಉಳಿಯಿತು, ಮಡಚಲು ಬರಲಿಲ್ಲ. ಉಳಿ ಹಿಡಿಯುವುದು, ತೋಪಡ ಹೊಡೆದು ಹಲಗೆ ನುಣುಪು ಮಾಡುವುದು, ಎಲ್ಲ ಅಲ್ಲಿಗೆ ನಿಂತಿತು. ಮುಂದೆ ಮರದ ಮಂಡಿಯಲ್ಲಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬೇರೆ ಆಚಾರಿಗಳಿಗೆ ಗೆರೆ ಹಾಕಿಕೊಡುತ್ತಿದ್ದ. ಗೆರೆ ನೆಟ್ಟಗೇ ಇರುತ್ತಿತ್ತು. ಅವನ ಗೆರೆಯ ಮೇಲೆ ಇನ್ನೊಬ್ಬರು ಗರಗಸ ಎಳೆಯುವಾಗ ಅವನು ಎದ್ದು ಟೀಗೆ ಹೋಗುತ್ತಿದ್ದ.

‘ಅಣ್ಣನೇ ತಗಿ ಅಂದ’ ಎಂಬುದು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ನಮಗಿಂತ ಮುಂಚೆ ಬಂದಿತ್ತು. ಅತ್ತಿಗೆ ಅದಕ್ಕೆ ತಮ್ಮ ಮಾತು ಸೇರಿಸಿಕೊಂಡರು. “ಬಾಯಾಗ್ ಮೊಳೆ ಇಕ್ಕಂಡು ಮಾತಾಡ್ಬ್ಯಾಡ ಅಂತ ಏಸ್ ಸತಿ ಬಡ್ಕಂಡೆ. ಏನ್ ಅಂತಾವ್ನೆ ಅಂತ ಆ ತಮ್ಮಂಗಾದ್ರೂ ಎಂಗ್ ತಿಳೀಬೇಕು? ಇವ್ನ್ ಬಾಯೇ ಇವ್ನ್ ಕೈ ತಿಂತು.” ನೋಡಲು ಬಂದವರಿಗೆಲ್ಲ ಹೇಳಿದರು. ಆಮೇಲೆ ಬಂದವರಿಲ್ಲದಿದ್ದರೂ ಹೇಳಿದರು. ತಟ್ಟೆಯಿಂದ ಬಾಯಿಗೆ ಹೋಗುವಾಗ ಅನ್ನ ಉದುರಿದರೆ ಹೇಳಿದರು. ಶರಟಿನ ಗುಂಡಿ ಹಾಕಿಕೊಡುವಾಗ ಹೇಳಿದರು. ಅಣ್ಣ “ಊ” ಎನ್ನುತ್ತಿದ್ದ. ಎಷ್ಟೋ ಸಲ ನಾನು ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದೆ. ಒಮ್ಮೆ ಅತ್ತಿಗೆ ಎದ್ದು ಒಳಗೆ ಹೋದಾಗ, “ಅಣ್ಣ, ಅವತ್ತು…” ಎಂದು ಶುರುಮಾಡಿದೆ. ಅವನು, “ಸಾರು ಆಕಿಸ್ಕ,” ಎಂದ. ನಾನು ಸಾರು ಹಾಕಿಸಿಕೊಂಡೆ.

ಫ್ರಿಜ್ಜಿನ ಆ ತೇಗದ ಬಾಗಿಲು ಕಣ್ಣಿಗೆ ಬಿದ್ದರೆ ಅನ್ನ ಸೇರುವುದಿಲ್ಲ, ತೆಗೆದುಕೊಂಡು ಹೋಗಿ ಎಂದು ಟೀಚರಮ್ಮ ಹೇಳಿದರು. ನಾನೇ ಆಟೊದಲ್ಲಿ ಹಾಕಿಕೊಂಡು ಬಂದೆ. ಅಣ್ಣ ಅದನ್ನು ಬಚ್ಚಲಿಗೆ ಕೂರಿಸಿದ. ಎಡಗೈಯಲ್ಲಿ ನಾಲ್ಕು ದಿನ ಹಿಡಿಯಿತು. ಅಗಲಕ್ಕೆ ಎರಡು ಕಡೆ ಹಲಗೆ ಸೇರಿಸಿದ, ಎತ್ತರ ಸಾಲದೆ ಹಾಗೇ ಬಿಟ್ಟ. ನಾನು ಹಿಡಿದುಕೊಳ್ಳಲು ಹೋದರೆ, “ನೀ ಕೂತ್ಕ,” ಎಂದ. ಒಳಗೆ ನಿಂತವರ ತಲೆ ಮೇಲೆ ಕಾಣುತ್ತಿತ್ತು, ಪಾದ ಕೆಳಗೆ ಕಾಣುತ್ತಿತ್ತು. “ಗೋಣಿಚೀಲದಿಂದ ಫ್ರಿಜ್ಜಿಗ್ ಬಂದೆ ಕಣಪ್ಪ,” ಎಂದು ಅತ್ತಿಗೆ ಬಾಗಿಲಿನ ಮೇಲಿಂದ ನನಗೆ ಕೂಗಿ ಹೇಳಿದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಹೇಗೆ ನಕ್ಕೆನೋ.

ಇನ್ನೊಂದು ವಿಷಯ. ಆಮೇಲೆ ಅಣ್ಣ ‘ಬಾಗ್ಲು ತಗಿ’ ಎನ್ನುವುದನ್ನೇ ಬಿಟ್ಟ. ‘ಬಾಗ್ಲು ತೆರಿ’ ಎನ್ನತೊಡಗಿದ. ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? ಮಂಡಿಯವರು, “ಏನ್ ಯಜಮಾನ್ರೇ, ನಾಟ್ಕ ಕಲೀತಿದ್ದೀರಾ? ಬಾಗಿಲು ತೆರೆಯಿರಿ ಮಹಾಪ್ರಭೂ!” ಎಂದು ರೇಗಿಸುತ್ತಿದ್ದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಹನೂರಿನಿಂದ ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ಅವನ ದನಿ ಕೇಳುತ್ತಿತ್ತು: “ತಮ್ಮ ಬಂದವ್ನೆ, ಬಾಗ್ಲು ತೆರಿ.” ಅದು ನನಗೆ ಚುಚ್ಚುವುದಕ್ಕೋ, ಇನ್ನು ಯಾರಿಗೂ ಹಾಗಾಗದಿರಲಿ ಎಂದೋ, ಅಥವಾ ನನ್ನ ಮಾತನ್ನು ಅವನು ನಿಜವಾಗಿ ನಂಬಿ ತಪ್ಪೆಲ್ಲ ಆ ಮಾತಿನದೇ ಎಂದುಕೊಂಡಿದ್ದನೋ, ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಕೇಳಲೂ ಇಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಮಾತಿಗೆ ಎರಡು ಅರ್ಥ ಇರುವುದು ನಿಜ. ನಾನು ತಪ್ಪಾಗಿ ತಿಳಿದುಕೊಂಡೆ ಎಂದರೆ ಯಾರೂ ಸುಳ್ಳು ಎನ್ನಲಾರರು. ಆದರೆ ಅವನು ತಗಿ ಎಂದಾಗ ನಾನು ಬಾಗಿಲಿನ ಅಂಚಿನಿಂದ ಬಗ್ಗಿ ಅವನ ಮುಖ ನೋಡಿದೆ. ಕೆಳಗಿನ ಕೀಲಿಗೆ ಹಾಕಬೇಕಾದ ಮೊಳೆ ಇನ್ನೂ ಅವನ ತುಟಿಯಲ್ಲೇ ಇತ್ತು. ಒಂದೇ ಮೊಳೆ. ಅದು ಬಾಯಲ್ಲಿದೆ ಎಂದರೆ ಕೀಲಿನಲ್ಲಿ ಇಲ್ಲ. ಕೀಲಿನಲ್ಲಿ ಇಲ್ಲದಿದ್ದರೆ ತಿರುಪು ಬಿಚ್ಚಬಾರದು. ಇದಕ್ಕೆ ಏಳನೇ ಕ್ಲಾಸು ಕೂಡ ಬೇಡ. ನಾನು ನೋಡಿದೆ. ನೋಡಿದ ಮೇಲೂ ಕೈ ತಿರುಗಿತು. ಕೈ ಮೊದಲು ತಿರುಗಿ ಕಣ್ಣು ಆಮೇಲೆ ನೋಡಿತು ಎಂದು ಕೆಲವು ದಿನ ಅನ್ನಿಸುತ್ತದೆ. ‘ಬಿಚ್ಚೋನಲ್ಲ’ ಎಂದದ್ದೇ ಕೈಯನ್ನು ತಿರುಗಿಸಿತು ಎಂದು ಕೆಲವು ದಿನ ಅನ್ನಿಸುತ್ತದೆ. ಯಾವುದು ಸರಿ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗುತ್ತಿಲ್ಲ. ನೋಡಿದ್ದಂತೂ ಹೌದು.

ಅಣ್ಣನ ತಿಥಿಯ ದಿನ ಮುಳ್ಳೂರಿನ ನೆಂಟರೆಲ್ಲ ಬಂದಿದ್ದರು. ಊಟವಾದ ಮೇಲೆ ಹೆಂಗಸರು ಅತ್ತಿಗೆಯ ಸುತ್ತ ಕೂತಿದ್ದರು. ಅತ್ತಿಗೆ ಅಳುತ್ತಲೇ ಮತ್ತೆ ಅದನ್ನೇ ಹೇಳಿದರು. “ಚಿನ್ನದಂಥ ಕೈ. ಆ ಬಾಯೇ ಆ ಕೈ ತಿಂತು ಕಣ್ರವ್ವ.” ಒಬ್ಬಾಕೆ, “ಪಾಪ, ಉಷಾರಿರ್ಬೇಕಿತ್ತು,” ಎಂದಳು. ಮಣ್ಣಿಗೆ ಹೋದವನನ್ನೂ ಉಷಾರಿರಲಿಲ್ಲ ಎನ್ನುತ್ತಿದ್ದರು. ನನಗೆ ಕೂರಲಾಗಲಿಲ್ಲ.

ಎಲ್ಲರೂ ಹೋಗುವವರೆಗೆ ಕಾದೆ. ಅತ್ತಿಗೆ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಹಾಕಿ ಅನ್ನದ ತಪ್ಪಲೆ ಉಜ್ಜುತ್ತಿದ್ದರು. ಅವರ ಮಗನ ಹೆಂಡತಿ ಬೇಡವೆಂದರೂ ಕೇಳಿರಲಿಲ್ಲ. ನಾನು ಎದುರಿಗೆ ಕೂತು ಹೇಳಿದೆ. ಮೇಲಿನ ಕೀಲು, ಕೆಳಗಿನ ಕೀಲು, ತಿರುಪು, ಎಲ್ಲ ಹಿಂದುಮುಂದಾಗಿ ಹೇಳಿದೆ. ಅತ್ತಿಗೆಗೆ ಕೀಲಿನ ಮಾತು ಅರ್ಥವಾಗಲಿಲ್ಲ.

“ಅದೆಲ್ಲ ಬುಡು. ಮೊಳೆ ಬಾಯಾಗೇ ಇತ್ತಾ?”

“ಊ ಅತ್ಗೆಮ್ಮ.”

“ಆಕಿದ್ ಮ್ಯಾಕೆ ಬಿಚ್ಬೇಕು ಅಂತ ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತು.”

“ನೋಡ್ದಾ ನೀನು? ಬಾಯಾಗಿದ್ದುದ್ನ?”

“ನೋಡ್ದೆ.”

ಅವರು ತಪ್ಪಲೆ ಉಜ್ಜುವುದನ್ನು ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆ, ಹುಣಸೆಹಣ್ಣಿನ ಕೈಯಲ್ಲೇ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೇ ಹತ್ತಿರ ಕೂತಿದ್ದೆ. ಅವರು ನನ್ನನ್ನು ನೋಡಲೂ ಇಲ್ಲ.

“ಆರ್ ವರ್ಸ,” ಎಂದರು. “ಉಣ್ಣಕ್ ಇಕ್ದಾಗೆಲ್ಲ ಅಂದೆ. ಪ್ರಾಣ ಬುಟ್ ದಿನ ಒತ್ತಾರೆನೂ ಅಂದು ಕಳುಸ್ದೆ. ಗುಂಡಿ ಆಕ್ತಾ ಅಂದು ಕಳುಸ್ದೆ. ನಂದಲ್ಲ ಕಣೇ ಅನ್ಬಾರ್ದಿತ್ತಾ ಆ ಮನ್ಸ? ಒಂದ್ ಸತಿನಾದ್ರೂ?”

ನಾನು ತಪ್ಪಲೆಗೆ ಒಂದು ಚೊಂಬು ನೀರು ಹಾಕಿದೆ.

“ನೀನಾದ್ರೂ ಓದ್ ತಿಂಗ್ಳು ಬಂದಿದ್ದಾಗ ಏಳ್ಬಾರ್ದಿತ್ತಾ? ಅವತ್ ಬದ್ಕಿದ್ನಲ್ಲ. ತಪ್ಪಾಯ್ತು ಅಂತ ಒಂದ್ ಮಾತ್ ಅಂತಿದ್ದೆ. ಈಗ್ ಬಂದ್ ಏಳ್ತೀಯಲ್ಲ, ನಾ ಯಾರ್ ತಾವ ಓಗಿ ಅನ್ನನಪ್ಪ?”

ಇಷ್ಟು ವರ್ಷ ಇದು ನನ್ನ ಭಾರ, ಹೇಳಿದರೆ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಿತೋ, ಅವರ ತಲೆಯ ಮೇಲೆ ಇಳಿಸಿದೆನೋ. ಹೇಳದೆ ಇದ್ದಿದ್ದರೆ ಅಣ್ಣ ತಪ್ಪಿತಸ್ಥನಾಗಿಯೇ ಉಳಿಯುತ್ತಿದ್ದ, ಅತ್ತಿಗೆ ನೆಮ್ಮದಿಯಾಗಿ ಬೈದುಕೊಂಡಿರುತ್ತಿದ್ದರು. ಹೇಳಿದ್ದು ಸರಿಯೇ ಎಂದು ಯಾರನ್ನು ಕೇಳಲಿ?

ಅತ್ತಿಗೆ ಕೈ ತೊಳೆದು ಒಳಗೆ ಹೋದರು. ಹಾಗೇ ಎದ್ದು ಹೋಗಿಬಿಡಲೋ ಎಂದು ನಾನು ಯೋಚಿಸುತ್ತಿರುವಾಗ ಒಂದು ಡಬ್ಬ ಹಿಡಿದು ಬಂದರು. ವಡೆ, ಪಾಯಸ, ನನ್ನ ಹೆಂಡತಿಗೆ. ಕಾಲುನೋವೆಂದು ಅವಳು ಬಂದಿರಲಿಲ್ಲ. ಡಬ್ಬದ ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ದರು, ಆಟೊದಲ್ಲಿ ಚೆಲ್ಲದ ಹಾಗೆ. ಬಾಗಿಲವರೆಗೂ ಬಂದರು. ನಾನು ಆಟೊ ಹತ್ತಿದೆ.

“ಓಗು,” ಎಂದರು.

ನಮ್ಮಲ್ಲಿ ಯಾರಿಗೂ ಬರೀ ‘ಓಗು’ ಎನ್ನುವುದಿಲ್ಲ. ಜಗಳವಾಡಿ ಹೊರಟವನಿಗೂ ‘ಓಗ್ಬುಟ್ಟು ಬಾ’ ಎನ್ನುತ್ತೇವೆ. ಮೂವತ್ತು ವರ್ಷದಿಂದ ಅತ್ತಿಗೆ ನನಗೆ ಆ ಹೊಸಿಲಿನಿಂದ ಹಾಗೇ ಹೇಳಿ ಕಳಿಸಿದವರು. ಆದರೆ ಸಾವಾದ ಮನೆಯಿಂದ ಹೊರಡುವವರಿಗೆ ಮಾತ್ರ ‘ಬಾ’ ಎನ್ನಬಾರದು, ಅವರೂ ‘ಬರ್ತೀನಿ’ ಎನ್ನಬಾರದು. ಸುಮ್ಮನೆ ಎದ್ದು ಹೋಗಬೇಕು. ಹನೂರಿಗೆ ಬಂದು ಹೆಂಡತಿಯನ್ನು ಕೇಳಿದೆ. ತಿಥಿ ಆದ ಮೇಲೆ ಸೂತಕ ಕಳೆಯಿತಲ್ಲ, ‘ಬಾ’ ಎನ್ನಬಹುದಿತ್ತು ಎಂದಳು. ಪಕ್ಕದ ಮನೆಯ ಅಜ್ಜಿ, ಎಲ್ಲಾದರೂ ಉಂಟೇ, ಆ ದಿನ ಪೂರ್ತಿ ಅನ್ನಬಾರದು ಎಂದಳು.

ವಾಪಸು ಕೊಡಲೆಂದು ಡಬ್ಬ ತೊಳೆದು ಆಟೊದ ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ಕೊಳ್ಳೇಗಾಲಕ್ಕೆ ವಾರಕ್ಕೆ ಎರಡು ಬಾಡಿಗೆ ಇದ್ದೇ ಇರುತ್ತದೆ. ಅತ್ತಿಗೆಯ ಬೀದಿಯ ತಿರುವಿನವರೆಗೆ ಹೋಗಿ ಗಾಡಿ ನಿಲ್ಲಿಸುತ್ತೇನೆ. ಇಂಜಿನ್ ಆರಿಸುವುದಿಲ್ಲ.